ಐದು ಪರ್ಸೆಂಟ್, ಯಾವುದರ ಮೇಲೆ?

ಮನೆಗೊಂದು ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್ ಇರಲಿ ಎನಿಸಿದಾಗ ನಾನು ಮೊದಲು ನೋಡಿದ್ದು ಕಾರ್ಡ್‌ಗಳ ಜಾಹೀರಾತನ್ನಲ್ಲ, ನಮ್ಮದೇ ಬ್ಯಾಂಕ್ ಸ್ಟೇಟ್‌ಮೆಂಟನ್ನು. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಸಂಬಳದ ದೊಡ್ಡ ಪಾಲು ಬಾಡಿಗೆ, ಶಾಲೆ ಫೀಸು, ವಿಮೆ ಕಂತುಗಳಿಗೇ ಸರಿಹೋಗುತ್ತದೆ. ಹೆಚ್ಚಿನ ಕ್ಯಾಶ್‌ಬ್ಯಾಕ್ ಕಾರ್ಡ್‌ಗಳು ಬಿಡಿಗಾಸೂ ಕೊಡದ ಬಾಬ್ತುಗಳು ಇವೇ. ಪೆಟ್ರೋಲು, ವ್ಯಾಲೆಟ್‌ಗೆ ಹಾಕುವ ದುಡ್ಡು ಕೂಡ ಸಾಮಾನ್ಯವಾಗಿ ಅದೇ ಸಾಲಿಗೆ ಸೇರುತ್ತವೆ. ಬೆಸ್ಕಾಂ ಬಿಲ್ಲಿಗೆ ಒಂದು ಕಾರ್ಡ್ ಕೊಟ್ಟರೆ ಇನ್ನೊಂದು ಕೊಡುವುದಿಲ್ಲ.

ಹಾಲು, ಸೊಪ್ಪು, ತರಕಾರಿಯ ವ್ಯವಹಾರವೆಲ್ಲ ಬೀದಿಯಲ್ಲಿ, ಯುಪಿಐನಲ್ಲಿ. ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದು, ನಿಜ. ಆದರೆ ಅದು ವ್ಯಾಪಾರಿ ಖಾತೆಯ ಕ್ಯೂಆರ್‌ಗೆ ಮಾತ್ರ. ಸೊಪ್ಪಿನವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿದ್ದರೆ ಕಾರ್ಡಿನಿಂದ ಹಣ ಹೋಗುವುದಿಲ್ಲ.

ಹೀಗೆ ಕಳೆಯುತ್ತಾ ಬಂದಾಗ ಕಾರ್ಡಿನ ಪಾಲಿಗೆ ಉಳಿದದ್ದು ತಿಂಗಳಿಗೆ ಸುಮಾರು 10,000 ರೂಪಾಯಿ: ಆನ್‌ಲೈನ್ ದಿನಸಿ, ಬಟ್ಟೆಬರೆ 6,000, ಔಷಧಿ ಅಂಗಡಿ, ಸೂಪರ್‌ಮಾರ್ಕೆಟ್ 4,000.

ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್ 2022ರಲ್ಲಿ ಬಂದಾಗ ಆನ್‌ಲೈನ್ ಖರೀದಿಗೆ ಶೇ 5, ಅಂಗಡಿ ಖರೀದಿಗೆ ಶೇ 1 ಕೊಡುತ್ತಿತ್ತು. ಆ ದರದಲ್ಲಿ ನಮಗೆ ತಿಂಗಳಿಗೆ 340, ವರ್ಷಕ್ಕೆ 4,080 ರೂಪಾಯಿ. ವಾರ್ಷಿಕ ಶುಲ್ಕ 999, ಶೇ 18 ಜಿಎಸ್‌ಟಿ ಸೇರಿ 1,179. ಕೈಗುಳಿಯುವುದು 2,901. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ ಎನ್ನುತ್ತಾರೆ. ನಮ್ಮ ಖರ್ಚು 1.2 ಲಕ್ಷ. ಸಾವಿರ ಚಿಲ್ಲರೆ ಮಾಫಿಗಾಗಿ ಬೇಡದ 80,000 ಖರ್ಚು ಮಾಡುವುದು ಯಾವ ಮನೆಗೂ ಒಪ್ಪುವ ಲೆಕ್ಕವಲ್ಲ.

ಶುಲ್ಕವೇ ಇಲ್ಲದ ಅಮೆಜಾನ್ ಪೇ ಐಸಿಐಸಿಐ ಕಾರ್ಡನ್ನೂ ತೂಗಿ ನೋಡಿದೆ. ಅಲ್ಲಿ ಕ್ಯಾಶ್‌ಬ್ಯಾಕ್ ಬರುವುದು ಅಮೆಜಾನ್ ಪೇ ಬ್ಯಾಲೆನ್ಸ್ ರೂಪದಲ್ಲಿ. ಅಮೆಜಾನ್‌ನಲ್ಲೇ ಮನೆಸಾಮಾನು ಕೊಳ್ಳುವವರಿಗೆ ಅದು ಒಳ್ಳೆಯದೇ. ನನಗೆ ಮಾತ್ರ ಬಿಲ್ಲಿನಲ್ಲೇ ಕಡಿತವಾಗುವ ಕಾರ್ಡ್ ಇಷ್ಟ. ಖರ್ಚು ಇಳಿಸಲು ಹೊರಟವರನ್ನು ಮತ್ತೆ ಅಂಗಡಿಗೆ ಕರೆಯುವ ಹಣವನ್ನು ಉಳಿತಾಯ ಎನ್ನಲು ಮನಸ್ಸು ಒಪ್ಪುವುದಿಲ್ಲ. ಯಾವ ಕಾರ್ಡೇ ಇರಲಿ, ತಿಂಗಳ ಕ್ಯಾಶ್‌ಬ್ಯಾಕ್‌ಗೆ ಗರಿಷ್ಠ ಮಿತಿ ಎಷ್ಟು ಎಂದು ನೋಡಿ. ದರ, ಮಿತಿ ಎರಡನ್ನೂ ಬ್ಯಾಂಕುಗಳು ಆಗಾಗ ಬದಲಿಸುತ್ತವೆ. ಆ ಸೂಚನೆಯ ಇಮೇಲನ್ನು ಓದದೆ ಅಳಿಸಬೇಡಿ.

ಈ ಲೆಕ್ಕವೆಲ್ಲ ನಿಂತಿರುವುದು ಪೂರ್ತಿ ಬಿಲ್ ಕಟ್ಟುವುದರ ಮೇಲೆ. ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಂಡರೂ 10,000 ರೂಪಾಯಿ ಒಂದು ತಿಂಗಳು ಬಾಕಿ ಉಳಿದರೆ 350 ಬಡ್ಡಿ, 63 ಜಿಎಸ್‌ಟಿ. ಆ ತಿಂಗಳು ಗಳಿಸಿದ 340 ಅಲ್ಲೇ ಮುಗಿಯಿತು. ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. 'ಮಿನಿಮಮ್ ಡ್ಯೂ' ಕಟ್ಟಿದರೂ ಇದು ತಪ್ಪುವುದಿಲ್ಲ. ಕಾರ್ಡ್ ಕೈಗೆ ಬಂದ ದಿನವೇ ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಸಿಬಿಡಿ.

ಪೂರ್ತಿ ಕಟ್ಟಲಾಗದ ತಿಂಗಳುಗಳು ಬರುವಂಥ ಆದಾಯ ನಿಮ್ಮದಾದರೆ, ದಯವಿಟ್ಟು ಈ ಕಾರ್ಡ್ ಬೇಡ. ಈಗಾಗಲೇ ತೆಗೆದುಕೊಂಡಿದ್ದರೆ ಬಾಕಿ ತೀರಿಸಿ, ಮುಚ್ಚಲು ಅರ್ಜಿ ಕೊಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬ್ಯಾಂಕು 7 ಕೆಲಸದ ದಿನಗಳೊಳಗೆ ಅದನ್ನು ಮುಚ್ಚಬೇಕು; ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ಕೊಡಬೇಕು.