ತಲೆಗೆ ಪೆಟ್ಟು ಬಿದ್ದವರ ವಿಮಾನಯಾನ

ತಿ. ನರಸೀಪುರದ ತಾಯಿಯೊಬ್ಬರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡ ವಾರದಲ್ಲೇ, ಮಗಳ ಬಾಣಂತನಕ್ಕೆ ದೆಹಲಿಯ ವಿಮಾನ ಏರಬೇಕೆಂದು ನಂಜನಗೂಡಿನ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ತಲೆಸುತ್ತು ಇನ್ನೂ ಇತ್ತು. ಕಿವಿನೋವು ಬಂದರೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಳ್ಳುವುದಾಗಿ ಹೇಳಿದರು. ಕರ್ಣಪೂರಣ ಮಾಡುವ ನಾವೇ ಅದನ್ನು ತಡೆದೆವು: ಪೆಟ್ಟಿನಿಂದ ಕಿವಿಯ ತಮಟೆ ಹರಿದಿದ್ದರೆ ಎಣ್ಣೆ ಒಳಸೇರಿ ಕೇಡು ಮಾಡುತ್ತದೆ.

ವಿಮಾನದೊಳಗಿನ ಗಾಳಿಯು 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ಚಾಮುಂಡಿ ಬೆಟ್ಟದ ಸುಮಾರು ಇಮ್ಮಡಿ. ಇಳಿಯುವಾಗ ಹೊರಗಿನ ಒತ್ತಡ ಏರಿ, ತಮಟೆಯು ಒಳಕ್ಕೆ ಸೆಳೆಯಲ್ಪಟ್ಟು ನೋಯುತ್ತದೆ. ಆಗ ನಿದ್ರಿಸದೆ ನೀರನ್ನು ಗುಟುಕರಿಸಬೇಕು. ಮೂಗು ಹಿಡಿದು ಬಲವಾಗಿ ಊದಬಾರದು. ತಲೆಸುತ್ತಿಗೆ ಮೂಲ ಪೆಟ್ಟೇ ಆದುದರಿಂದ ಅದು ಗುಟುಕಿನಿಂದ ನಿಲ್ಲದು. ವಾಂತಿ, ಮಂಪರು, ಕಿವಿಮೂಗುಗಳಿಂದ ತಿಳಿನೀರು ಕಂಡರಂತೂ ಪ್ರಯಾಣವೇ ಸಲ್ಲದು. ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಆ ತಾಯಿ ಮೈಸೂರಿನಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ, ತಲೆಸುತ್ತು ಅಡಗಿದ ಮೇಲೆ, ಮೂರು ವಾರ ತಡವಾಗಿ ಹೊರಟರು.