ಎತ್ತಿ ಇಟ್ಟ ಮದ್ದಿನಮನೆ: ಎಂಟನೇ ತರಗತಿಯ ‘ಒತ್ತಡ’ ಪಾಠದ ಒಂದು ಅನುಭವ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಘಟಕದ ಒತ್ತಡದ ಭಾಗವನ್ನು ಬೋಧಿಸಿದೆ. ಪಾಠಯೋಜನೆ ಚೊಕ್ಕವಾಗಿಯೇ ಇತ್ತು. ಮೊಳೆಯ ಚೂಪು ತುದಿ, ಅಗಲ ಪಟ್ಟಿಯ ಶಾಲಾಚೀಲ, ಹೊರೆ ಹೊರುವವರ ತಲೆಯ ಸಿಂಬಿ, ಎಲ್ಲ ಉದಾಹರಣೆಗಳನ್ನೂ ಕೊಟ್ಟಿದ್ದೆ. ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಕೊನೆಯಲ್ಲಿ ಒಂದು ಇಟ್ಟಿಗೆಯನ್ನು ಮಲಗಿಸಿ, ಮತ್ತೆ ನಿಲ್ಲಿಸಿ, ಯಾವಾಗ ಒತ್ತಡ ಹೆಚ್ಚು ಎಂದು ಕೇಳಿದೆ. “ಎರಡೂ ಒಂದೇ ಮಿಸ್, ಇಟ್ಟಿಗೆ ಅದೇ ಅಲ್ವಾ” ಎಂದರು. ಸೂತ್ರ ಬಾಯಿಗೆ ಬಂದಿತ್ತು, ಅಷ್ಟೇ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ “ಮರುಬೋಧನೆ ಅಗತ್ಯ” ಎಂದು ಬರೆದರು.

ಆ ಭಾನುವಾರ ಬೆಂಗಳೂರಿನಿಂದ ನಮ್ಮ ದೊಡ್ಡಮ್ಮನ ಮಕ್ಕಳು ಬಂದಿದ್ದರು. ನಮ್ಮದು ಬಾಬುರಾಯನಕೊಪ್ಪಲು, ಸೇತುವೆ ದಾಟಿದರೆ ಶ್ರೀರಂಗಪಟ್ಟಣದ ಕೋಟೆ. ನೆಂಟರು ಬಂದರೆಂದರೆ ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ ಎಂದು ನಮಗೆ ದಾರಿ ಬಾಯಿಪಾಠ. ಈ ಸಲ ತಮ್ಮ ಹಟ ಹಿಡಿದು ಎಲ್ಲರನ್ನೂ ರೈಲು ನಿಲ್ದಾಣದ ಹತ್ತಿರ ಕರೆದುಕೊಂಡು ಹೋದ, ಟಿಪ್ಪುವಿನ ಕಾಲದ ಒಂದು ಮದ್ದಿನಮನೆಯನ್ನು ತೋರಿಸಲು. ಚಿತ್ರಗಳಿಲ್ಲ, ತೋಟವಿಲ್ಲ. ಇಟ್ಟಿಗೆ ಗಾರೆಯ ಒಂದು ಗಿಡ್ಡ ಕಟ್ಟಡ. “ಇದನ್ನು ನೋಡೋಕೆ ಇಷ್ಟು ದೂರ ಬಂದ್ವಾ?” ಎಂದು ದೊಡ್ಡಮ್ಮನ ಮಗಳು ಮುಖ ಸಿಂಡರಿಸಿದಳು. ನನಗೂ ಹಾಗೇ ಅನಿಸಿತ್ತು, ಹೇಳಲಿಲ್ಲ.

ಆದರೆ ಆ ಕಟ್ಟಡ ಕಟ್ಟಿದ ಜಾಗದಲ್ಲಿಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗ ಜೋಡಿಯಾಗಬೇಕಾದಾಗ ಅದು ಹಳಿಯ ದಾರಿಗೆ ಅಡ್ಡವಿತ್ತು. ಒಡೆಯಲಿಲ್ಲ. 2017ರಲ್ಲಿ ಸುಮಾರು 1000 ಟನ್ ತೂಕದ ಇಡೀ ಕಟ್ಟಡವನ್ನು ಅಡಿಪಾಯದಿಂದ ಬಿಡಿಸಿ, ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಮದ್ದು ತಂಪಾಗಿ, ಕಿಡಿ ತಾಗದಂತೆ ಇರಲೆಂದು ಅರ್ಧ ನೆಲದೊಳಗೆ ಕಟ್ಟಿದ್ದ ಮನೆ ಅದು. ಸುತ್ತ ಅಗೆದೇ ಹೊರತೆಗೆಯಬೇಕಾಯಿತು.

ತಮ್ಮ ಇಷ್ಟು ವಿವರಿಸಿದ ಮೇಲೆ ಅಜ್ಜಿ ಕೇಳಿದರು: “ಎತ್ತುವಾಗ ಸೀಳಿಹೋಗಲಿಲ್ಲವಾ?” ನಾನು ಇಟ್ಟಿಗೆ, ಸುಣ್ಣ, ಭಾರ ಎಂದು ಏನೋ ಹೇಳಲು ಹೊರಟೆ. ಅವರೇ ಮುಂದುವರಿಸಿದರು: “ಹಸಿ ರೊಟ್ಟಿ ಒಂದು ಬೆರಳಲ್ಲಿ ಎತ್ತಿದರೆ ಹರಿಯುತ್ತೆ. ಅಡಿಗೆ ಸಟ್ಟುಗ ಪೂರ್ತಿ ಕೊಡಬೇಕು. ಹಂಗೆ ಕೊಟ್ಟಿರಬೇಕು.”

ಮರುಬೋಧನೆಯ ಪ್ರೇರಣೆ ಅಲ್ಲೇ ಸಿಕ್ಕಿತು. ಮಂಗಳವಾರ ತರಗತಿಯಲ್ಲಿ ಸೂತ್ರ ಬರೆಯದೆ ಮದ್ದಿನಮನೆಯ ಕತೆ ಹೇಳಿದೆ. ನಲವತ್ತು ಮಕ್ಕಳಲ್ಲಿ ಐದು ಜನ ಅದನ್ನು ನೋಡಿದ್ದರು. ಅದು ಜಾಗ ಬದಲಿಸಿದೆ ಎಂಬುದು ಒಬ್ಬನಿಗೆ ಮಾತ್ರ ಗೊತ್ತಿತ್ತು. ಜೇಡಿಮಣ್ಣನ್ನು ರೊಟ್ಟಿಯಂತೆ ತಟ್ಟಿ ಗುಂಪುಗಳಿಗೆ ಕೊಟ್ಟೆ. ಒಂದು ಬೆರಳಿನಿಂದ ಎತ್ತಿದಾಗ ಮುರಿಯಿತು. ಅಡಿಯಲ್ಲಿ ನಾಲ್ಕು ಸ್ಕೇಲು ತೂರಿಸಿ ಎತ್ತಿದಾಗ ಉಳಿಯಿತು. ಆಮೇಲೆ ಲೆಕ್ಕ. 1000 ಟನ್ ಎಂದರೆ 10,00,000 ಕಿಲೋಗ್ರಾಂ, ಬಲ ಸುಮಾರು 1,00,00,000 ನ್ಯೂಟನ್. ಈ ಭಾರ 100 ಚದರ ಮೀಟರಿನ ಮೇಲೆ ಸಮನಾಗಿ ಹರಡಿದೆ ಎಂದು ಇಟ್ಟುಕೊಳ್ಳೋಣ ಎಂದೆ. ಉತ್ತರ 1,00,000 ಪಾಸ್ಕಲ್. ಹಿಂದಿನ ಬೆಂಚಿನ ಹುಡುಗಿ ಪುಸ್ತಕದ ಮುಂದಿನ ಪುಟ ತಿರುವಿ, “ಮಿಸ್, ಇದು ಗಾಳಿ ಒತ್ತಡದಷ್ಟೇ ಇದೆ!” ಎಂದಳು. ನಾನು ಅದನ್ನು ಯೋಜಿಸಿರಲಿಲ್ಲ. ಅದೇ ಭಾರ ಒಂದೇ ಚದರ ಮೀಟರಿನ ಮೇಲೆ ಬಿದ್ದರೆ ನೂರು ಪಟ್ಟು. ಇಟ್ಟಿಗೆಯ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಹೆಚ್ಚಿನವರು “ನಿಲ್ಲಿಸಿದಾಗ” ಎಂದರು, ಕಾರಣವನ್ನೂ ಹೇಳಿದರು.

ಚರ್ಚೆಯಲ್ಲಿ ಮಾರ್ಗದರ್ಶಕರು ಒಂದು ತಪ್ಪು ತೋರಿಸಿದರು. ಮಣ್ಣಿನ ರೊಟ್ಟಿ ಮುರಿದದ್ದು ಬೆರಳಿನ ಕೆಳಗಿನ ಒತ್ತಡದಿಂದಲ್ಲ, ಆಧಾರವಿಲ್ಲದ ಅಂಚುಗಳು ಬಾಗಿದ್ದರಿಂದ. ಇಟ್ಟಿಗೆ ಗಾರೆ ಒತ್ತಿದರೆ ತಡೆದುಕೊಳ್ಳುತ್ತದೆ, ಬಾಗಿಸಿ ಎಳೆದರೆ ಬಿರಿಯುತ್ತದೆ. ಎರಡನ್ನೂ ನಾನು ಒಂದೇ ಚಟುವಟಿಕೆಯಲ್ಲಿ ಕಲಸಿಬಿಟ್ಟಿದ್ದೆ. ಒತ್ತಡಕ್ಕೆ ಬೇರೆ ಚಟುವಟಿಕೆ ಬೇಕು: ದಪ್ಪ ಮಣ್ಣಿನ ಮುದ್ದೆಯ ಮೇಲೆ ಅದೇ ಇಟ್ಟಿಗೆಯನ್ನು ಮಲಗಿಸಿ, ನಿಲ್ಲಿಸಿ, ತಗ್ಗಿನ ಆಳ ಅಳೆಯುವುದು. ಈ ಪಾಠ ಮಾಡುವ ಸಹಪಾಠಿಗಳು ಇದರಿಂದಲೇ ಶುರುಮಾಡಿ, ರೊಟ್ಟಿಯನ್ನು ನಂತರ ತರಲಿ.

ಇನ್ನೊಂದು ವಿಷಯ ವೀಕ್ಷಣಾ ಪುಸ್ತಕದಲ್ಲಿ ಇಲ್ಲ. ಗಂಟೆ ಹೊಡೆಯುವ ಮುಂಚೆ ಒಬ್ಬ ಹುಡುಗ ಎದ್ದು, “ಮಿಸ್, ರಸ್ತೆ ಅಗಲ ಮಾಡೋವಾಗ ನಮ್ಮನೆ ಮುಂದಿನ ಕೋಣೆ ಒಡೆದ್ರು. ಅದನ್ನೂ ಹಿಂಗೇ ಸರಿಸಬಹುದಿತ್ತಲ್ವಾ?” ಎಂದ. ತರಗತಿ ಸುಮ್ಮನಾಯಿತು. ನಮ್ಮ ಅಜ್ಜಿಯ ಜಗುಲಿಯೂ ಹಾಗೇ ಹೋದದ್ದು. ಅವರು ಮದ್ದಿನಮನೆಯ ಮುಂದೆ ಅಷ್ಟು ಹೊತ್ತು ನಿಂತದ್ದು ಯಾಕೆಂದು ನನಗೆ ಆಗ ಹೊಳೆಯಿತು.

“ಸರಿಸಬಹುದಿತ್ತು, ಭೌತಶಾಸ್ತ್ರ ಅಡ್ಡಿ ಬರುವುದಿಲ್ಲ” ಎಂದೆ. ಹಾಗಾದರೆ ಯಾಕೆ ಸರಿಸಲಿಲ್ಲ ಎಂದು ಅವನು ಕೇಳಿದ. ಖರ್ಚು, ಸ್ಮಾರಕ, ಪರಿಹಾರ ಎಂದು ಎರಡು ಮಾತು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಅವನ ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಬಂದೆ. ಮರುದಿನ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿ ಗೆಳತಿ ಪೌರನೀತಿಯ ಪಾಠಕ್ಕೆ ಹೋದಾಗ ಅದು ಇನ್ನೂ ಅಲ್ಲೇ ಇತ್ತು. ಅಳಿಸದೆ ಅಲ್ಲಿಂದಲೇ ಪಾಠ ಶುರುಮಾಡಿದಳಂತೆ.