ಕುದುರೆಯ ಆಚೆಬದಿ: ಚೀನಾದ ಗುಝೆಂಗ್ ವಾದ್ಯ ಮತ್ತು ಪ್ರಯೋಗಶೀಲ ಆಶುವಾದನ

ಪರಂಪರಾಗತವಾದ ವಾದ್ಯವೊಂದು ಪ್ರಯೋಗಕ್ಕೆ ಒಳಗಾದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ವಾದ್ಯದ ಮರ್ಯಾದೆ ಕೆಟ್ಟಿತೆಂಬುದು ಒಂದು. ವಾದ್ಯಕ್ಕೆ ಕೊನೆಗೂ ಬಿಡುಗಡೆ ದೊರೆಯಿತೆಂಬುದು ಇನ್ನೊಂದು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡೂ ನಿಲುವುಗಳ ಹಿಂದೆ ಇರುವ ಗ್ರಹಿಕೆ ಒಂದೇ. ಪರಂಪರೆಯೆಂದರೆ ಎಂದೋ ಸಿದ್ಧವಾಗಿ ಅಲುಗದೆ ನಿಂತದ್ದು, ಪ್ರಯೋಗವೆಂದರೆ ಅದನ್ನು ಹೊರಗಿನಿಂದ ಬಂದು ಅಲುಗಿಸುವುದು ಎಂಬುದೇ ಆ ಗ್ರಹಿಕೆ. ಚೀನಾದ ಗುಝೆಂಗ್ ವಾದ್ಯದ ಚರಿತ್ರೆಯನ್ನೂ ಈಚಿನ ಕೆಲವು ದಶಕಗಳಲ್ಲಿ ಅದರ ಮೇಲೆ ನಡೆದಿರುವ ಆಶುವಾದನದ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಈ ಗ್ರಹಿಕೆ ಸಡಿಲಗೊಳ್ಳುತ್ತದೆ. ಹೊಸತೆಂದು ತೋರುವ ಸ್ವಾತಂತ್ರ್ಯದ ಬಹುಭಾಗ ಆ ವಾದ್ಯದ ರಚನೆಯಲ್ಲಿಯೇ, ಹಳೆಯ ವಾದಕರ ಎಡಗೈಯಲ್ಲಿಯೇ ಅಡಗಿತ್ತೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಾದ್ಯದ ಸ್ವರೂಪ

'ಗು' ಎಂದರೆ ಪ್ರಾಚೀನ. ವಾದ್ಯದ ಮೂಲ ಹೆಸರು 'ಝೆಂಗ್'. ಕ್ರಿ.ಪೂ. 237ರಲ್ಲಿ ಛಿನ್ ರಾಜ್ಯದ ಮಂತ್ರಿ ಲೀ ಸಿ ತನ್ನ ಅರಸನಿಗೆ ಬರೆದ ಬಿನ್ನವತ್ತಳೆಯಲ್ಲಿ ಝೆಂಗ್ ಮೀಟುವುದನ್ನು ಆ ನಾಡಿನ ನಿಜವಾದ ಸಂಗೀತದೊಡನೆ ಸೇರಿಸಿ ಹೇಳಿದ್ದಾನೆ. ಆದ್ದರಿಂದ ವಾದ್ಯದ ವಯಸ್ಸು ಎರಡು ಸಾವಿರ ವರ್ಷಗಳನ್ನು ಮೀರಿದ್ದು. ಇಪ್ಪತ್ತೈದು ತಂತಿಗಳ 'ಸೆ' ಎಂಬ ವಾದ್ಯಕ್ಕಾಗಿ ಇಬ್ಬರು ಜಗ್ಗಾಡಿ ಅದನ್ನು ಸೀಳಿದರೆಂದೂ ಹಾಗೆ ಹುಟ್ಟಿದ ವಾದ್ಯಕ್ಕೆ 'ಜಗಳ' ಎಂಬ ಅರ್ಥದ ಹೆಸರು ಬಂದಿತೆಂದೂ ಒಂದು ಐತಿಹ್ಯವಿದೆ. ತಾಂಗ್ ಅರಸರ ಕಾಲದಲ್ಲಿ ಅದಕ್ಕೆ ಹದಿಮೂರು ತಂತಿಗಳಿದ್ದವು. ಜಪಾನಿನ ಕೊಟೊ, ಕೊರಿಯದ ಗಾಯಗುಮ್, ವಿಯೆಟ್ನಾಮಿನ ಡಾನ್ ಚಾನ್ ಇವೆಲ್ಲ ಅದರ ಬಳಗಕ್ಕೆ ಸೇರಿದವು. ಇಂದು ರೂಢಿಯಲ್ಲಿರುವ ಇಪ್ಪತ್ತೊಂದು ತಂತಿಗಳ ರೂಪ 1960ರ ದಶಕದ ಸುಧಾರಣೆಗಳ ಫಲ. ರೇಷ್ಮೆಯ ತಂತಿ ಹೋಗಿ ಉಕ್ಕಿನದು ಬಂದು, ಅನಂತರ ನೈಲಾನ್ ಸುತ್ತಿದ ಉಕ್ಕಿನ ತಂತಿ ನೆಲೆಗೊಂಡಿತು. 'ಪ್ರಾಚೀನ' ಎಂಬ ವಿಶೇಷಣವನ್ನು ಹೊತ್ತ ಈ ವಾದ್ಯದ ಈಗಿನ ಮೈ ಹೀಗೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು.

ನಮ್ಮ ಸ್ವರಮಂಡಲದಂತೆ ಝೆಂಗಿನಲ್ಲಿಯೂ ಒಂದೊಂದು ತಂತಿ ಒಂದೊಂದು ಸ್ವರಕ್ಕೆ ಮೀಸಲು. ಆದರೆ ಪ್ರತಿಯೊಂದು ತಂತಿಯ ಕೆಳಗೂ ಸರಿಸಬಹುದಾದ ಒಂದು ಕುದುರೆ ನಿಂತಿರುತ್ತದೆ. ಓರೆಸಾಲಾಗಿ ನಿಂತ ಈ ಕುದುರೆಗಳು ಆಕಾಶದಲ್ಲಿ ಹಾರುವ ಹೆಬ್ಬಾತುಗಳ ಸಾಲನ್ನು ಹೋಲುವುದರಿಂದ ಚೀನೀಯರು ಅವನ್ನು 'ಹೆಬ್ಬಾತಿನ ಕಂಬಗಳು' ಎಂದು ಕರೆದರು. ಕುದುರೆ ತಂತಿಯನ್ನು ಎರಡು ಪಾಲು ಮಾಡುತ್ತದೆ. ಬಲಪಾಲು ಶ್ರುತಿಗೊಂಡದ್ದು, ಬಲಗೈ ಬೆರಳುಗಳಿಗೆ ಕಟ್ಟಿಕೊಂಡ ಮೀಟುಗಳಿಂದ ಅದನ್ನು ನುಡಿಸುತ್ತಾರೆ. ಎಡಪಾಲು ಶ್ರುತಿಯಿಲ್ಲದ್ದು, ಅಲ್ಲಿ ಎಡಗೈ ತಂತಿಯನ್ನು ಒತ್ತುತ್ತದೆ. ಒತ್ತಿದೊಡನೆ ತಂತಿಯ ಬಿಗಿ ಹೆಚ್ಚಿ ಬಲಪಾಲಿನಲ್ಲಿ ಮೊಳಗುತ್ತಿರುವ ಸ್ವರ ಮೇಲೇರುತ್ತದೆ. ಕಂಪನ, ಜಾರು, ಏರಿಳಿತಗಳೆಲ್ಲ ಈ ಒತ್ತುವಿಕೆಯಿಂದ ಹುಟ್ಟುತ್ತವೆ. ವೀಣೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಗಮಕ ನುಡಿಸುವವರಿಗೆ ಈ ತತ್ತ್ವ ಅಪರಿಚಿತವಲ್ಲ. ಬಲಗೈ ಸ್ವರವನ್ನು ಹುಟ್ಟಿಸುತ್ತದೆ, ಎಡಗೈ ಅದಕ್ಕೆ ಜೀವ ತುಂಬುತ್ತದೆ ಎಂಬ ಈ ಶ್ರಮವಿಭಜನೆಯೇ ವಾದ್ಯದ ಮೂಲ ವ್ಯಾಕರಣ.

2. ಪರಂಪರೆಯೊಳಗಿನ ಸ್ವಾತಂತ್ರ್ಯ

ಝೆಂಗಿನ ಸಾಮಾನ್ಯ ಶ್ರುತಿ ಐದು ಸ್ವರಗಳದು. ಕರ್ನಾಟಕ ಸಂಗೀತದ ಮೋಹನ, ಹಿಂದುಸ್ತಾನಿಯ ಭೂಪ ರಾಗಗಳ ಸ್ವರಗಳೇ ಅಲ್ಲಿಯೂ ಇವೆ. ಮಧ್ಯಮ, ನಿಷಾದಗಳಿಗೆ ಪ್ರತ್ಯೇಕ ತಂತಿಗಳಿಲ್ಲ. ಗಾಂಧಾರ, ಧೈವತಗಳ ತಂತಿಗಳನ್ನು ಒತ್ತಿ ಅವನ್ನು ಪಡೆಯಬೇಕು. ಈ ಕೊರತೆಯೇ ಒಂದು ಕಲೆಯಾಗಿ ಬೆಳೆದುದನ್ನು ದಕ್ಷಿಣ ಚೀನಾದ ಚಾವ್‌ಝೋ ಪ್ರದೇಶದ ಸಂಪ್ರದಾಯದಲ್ಲಿ ಕಾಣಬಹುದು. ಅಲ್ಲಿನ ಹಳೆಯ ಲಿಪಿಯಲ್ಲಿ ಎರಡರಿಂದ ಎಂಟರವರೆಗಿನ ಅಂಕಿಗಳೇ ಸ್ವರಗಳ ಸಂಕೇತಗಳು. ಮೂರು ಧೈವತ, ಆರು ಗಾಂಧಾರ. 'ಹಗುರ ಮೂರು-ಆರು' ಎಂಬ ಕ್ರಮದಲ್ಲಿ ಈ ತಂತಿಗಳು ತಮ್ಮ ಸಹಜಸ್ವರದಲ್ಲಿ ನುಡಿಯುತ್ತವೆ. 'ಭಾರ ಮೂರು-ಆರು' ಎಂಬ ಕ್ರಮದಲ್ಲಿ ಅವನ್ನು ಬಲವಾಗಿ ಒತ್ತುವುದರಿಂದ ಧೈವತ ನಿಷಾದದತ್ತ, ಗಾಂಧಾರ ಮಧ್ಯಮದತ್ತ ಏರುತ್ತವೆ. ಮೋಹನದ ಛಾಯೆ ಮರೆಯಾಗಿ ಸರಿಸುಮಾರು ಮಧ್ಯಮಾವತಿಯನ್ನು ನೆನಪಿಸುವ ಗಂಭೀರ ಛಾಯೆಯೊಂದು ಮೂಡುತ್ತದೆ. 'ಜೀವಂತ ಐದು' ಎಂಬ ಮೂರನೆಯ ಕ್ರಮದಲ್ಲಿ ರಿಷಭದ ತಂತಿ ಎಲ್ಲಿಯೂ ಸ್ಥಿರವಾಗಿ ನಿಲ್ಲದೆ ತೂಗಾಡುತ್ತ ಶೋಕವನ್ನು ಸೂಚಿಸುತ್ತದೆ. ಕಾಗದದ ಮೇಲಿನ ಅಂಕಿಗಳು ಬದಲಾಗುವುದಿಲ್ಲ. ಬದಲಾಗುವುದು ಎಡಗೈಯ ಭಾರ. ಬರೆದಿಟ್ಟದ್ದು ಅಸ್ಥಿಪಂಜರ ಮಾತ್ರ, ರಕ್ತಮಾಂಸಗಳನ್ನು ವಾದಕನೇ ತುಂಬಬೇಕು.

ಉತ್ತರದ ಶಾನ್‌ಡಾಂಗ್, ಹೆನಾನ್ ಸಂಪ್ರದಾಯಗಳಲ್ಲಿಯೂ ಇಂಥದೇ ಸ್ವಾತಂತ್ರ್ಯ ಬೇರೊಂದು ಬಗೆಯಲ್ಲಿತ್ತು. ಅಲ್ಲಿನ ಅನೇಕ ಕೃತಿಗಳಿಗೆ 'ಬಾಬಾನ್' ಎಂಬ ಅರುವತ್ತೆಂಟು ಎಣಿಕೆಗಳ ಮೂಲಮಟ್ಟು ಆಧಾರ. ಅದನ್ನು ಹಿಗ್ಗಿಸಿ, ಕುಗ್ಗಿಸಿ, ಸ್ವರಗಳ ನಡುವೆ ಹೊಸ ಸ್ವರಗಳನ್ನು ಹೆಣೆದು ನುಡಿಸುವ ಕ್ರಮಕ್ಕೆ 'ಹೂ ಸೇರಿಸುವುದು' ಎಂದು ಹೆಸರು. ನಮ್ಮ ಮನೋಧರ್ಮ ಸಂಗೀತದ ಆಲಾಪನೆಯಷ್ಟು, ಕಲ್ಪನಾಸ್ವರದಷ್ಟು ವಿಸ್ತಾರವನ್ನು ಇಲ್ಲಿ ನಿರೀಕ್ಷಿಸಲಾಗದು. ಮೂಲಮಟ್ಟಿನ ಹಿಡಿತ ಸಡಿಲುವುದಿಲ್ಲ. ಆದರೂ ಒಬ್ಬನೇ ವಾದಕ ಒಂದೇ ಕೃತಿಯನ್ನು ಎರಡು ದಿನ ಒಂದೇ ತೆರನಾಗಿ ನುಡಿಸಬೇಕೆಂಬ ನಿರ್ಬಂಧ ಅಲ್ಲಿರಲಿಲ್ಲ.

ಸೋದರವಾದ್ಯವಾದ ಗುಚಿನ್‌ನ ನಿದರ್ಶನವನ್ನೂ ಇಲ್ಲಿ ಸ್ಮರಿಸಬಹುದು. ಏಳು ತಂತಿಗಳ, ಕುದುರೆಗಳಿಲ್ಲದ ಈ ವಾದ್ಯದ ಪ್ರಾಚೀನ ಲಿಪಿ ಯಾವ ತಂತಿಯನ್ನು ಎಲ್ಲಿ ಹೇಗೆ ಮುಟ್ಟಬೇಕೆಂದು ಸೂಕ್ಷ್ಮವಾಗಿ ಹೇಳುತ್ತದೆ. ಕಾಲಪ್ರಮಾಣವನ್ನು ಹಾಗೆ ಖಚಿತವಾಗಿ ಹೇಳುವುದಿಲ್ಲ. 1425ರ 'ಶೆನ್‌ಛಿ ಮಿಪು' ಸಂಕಲನದ ಕೃತಿಯೊಂದನ್ನು ಇಂದು ನುಡಿಸಬೇಕಾದರೆ ಅದರ ಲಯವನ್ನು ವಾದಕ ತಾನೇ ಕಂಡುಕೊಳ್ಳಬೇಕು. 1940ರಲ್ಲಿ ಜನಿಸಿ ಬೀಜಿಂಗಿನ ಕೇಂದ್ರ ಸಂಗೀತ ವಿದ್ಯಾಲಯದಲ್ಲಿ ಬೋಧಿಸಿದ ಲೀ ಶಿಯಾಂಗ್‌ಟಿಂಗ್ ಅವರು ಗುಚಿನ್‌ನ ಮೇಲೆ ಆಶುವಾದನವನ್ನು ಕೈಗೊಂಡಾಗ ಅದನ್ನು ಪರಂಪರೆಯ ಪುನರುಜ್ಜೀವನವೆಂದೇ ಭಾವಿಸಿದರು.

3. ಲಿಪಿಗೆ ಇಳಿದ ಸಂಗೀತ

ಇಪ್ಪತ್ತನೆಯ ಶತಮಾನದಲ್ಲಿ ಝೆಂಗ್ ಹಳ್ಳಿಯ ಮಂಡಳಿಗಳಿಂದ, ಮನೆತನಗಳಿಂದ ಸಂಗೀತ ವಿದ್ಯಾಲಯಗಳಿಗೆ ಬಂದಿತು. ಅದರಿಂದ ಆದ ಲಾಭ ಅಲ್ಪವೇನಲ್ಲ. ಪ್ರದೇಶಕ್ಕೊಂದರಂತೆ ಚದುರಿಹೋಗಿದ್ದ ಶೈಲಿಗಳು ಒಂದೆಡೆ ಸೇರಿದವು. ತಾಂತ್ರಿಕ ಸಾಮರ್ಥ್ಯ ಅಪೂರ್ವವಾಗಿ ಬೆಳೆಯಿತು. 1955ರಲ್ಲಿ ಝಾವ್ ಯುಝಾಯ್ ಅವರು ರಚಿಸಿದ 'ಸುಗ್ಗಿಯ ಸಂಭ್ರಮ'ದಲ್ಲಿ ಎಡಗೈಯೂ ಕುದುರೆಯ ಬಲಬದಿಗೆ ದಾಟಿ ಮೀಟತೊಡಗಿತು. 1965ರಲ್ಲಿ ವಾಂಗ್ ಚಾಂಗ್‌ಯುಆನ್ ಅವರು ಶಾಂಘೈ ಬಂದರಿನ ಕಾರ್ಮಿಕರನ್ನು ಕುರಿತು ರಚಿಸಿದ 'ಚಂಡಮಾರುತದೊಡನೆ ಹೋರಾಟ' ಝೆಂಗಿನಿಂದ ಅದುವರೆಗೆ ಯಾರೂ ಬಯಸದಿದ್ದ ಬಿರುಸನ್ನು ಹೊರಡಿಸಿತು. ಬಿರುಗಾಳಿಯ ಭಾಗದಲ್ಲಿ ಕೈ ಕುದುರೆಗಳ ಎಡಬದಿಯ ಶ್ರುತಿಯಿಲ್ಲದ ತಂತಿಗಳನ್ನು ಗೀರುತ್ತ ಸಾಗುತ್ತದೆ. ಮುಂದಿನ ಪ್ರಯೋಗಕಾರರು ಮನೆಮಾಡಿಕೊಂಡ ಜಾಗ ಇದೇ. 1989ರಲ್ಲಿ ವಾಂಗ್ ಜಿಯಾನ್‌ಮಿನ್ ಅವರು ತಮ್ಮ 'ಕಲ್ಪನಾಲಹರಿ'ಯಲ್ಲಿ ಐದು ಸ್ವರಗಳ ಶ್ರುತಿಯನ್ನೇ ಬಿಟ್ಟು ತಾವೇ ನಿರ್ಮಿಸಿದ ಸ್ವರಕ್ರಮಕ್ಕೆ ತಂತಿಗಳನ್ನು ಕೂಡಿಸಿದರು.

ಈ ಕೃತಿಗಳೆಲ್ಲ ಪೂರ್ಣವಾಗಿ ಲಿಪಿಬದ್ಧವಾದವು ಎಂಬುದು ಗಮನಾರ್ಹ. ಹೊಸ ನಾದಗಳು ಬಂದವು. ಆದರೆ ಅವು ಸಂಯೋಜಕನ ನಿರ್ಣಯಗಳಾಗಿ ಬಂದವು. ವಿದ್ಯಾರ್ಥಿಯ ಪಾಲಿಗೆ ಉಳಿದದ್ದು ಬರೆದದ್ದನ್ನು ದೋಷವಿಲ್ಲದೆ ನುಡಿಸುವ ಹೊಣೆ. ಹಳೆಯ ಮಟ್ಟುಗಳು ಕೂಡ ಯಾರೋ ಒಬ್ಬ ಗುರುವಿನ ಒಂದು ದಿನದ ವಾದನವನ್ನು ಬರೆದುಕೊಂಡ ರೂಪದಲ್ಲಿ ಪಠ್ಯವಾದವು. ಅಂದು ಆತ ಸೇರಿಸಿದ ಹೂ ಕಾಗದದಲ್ಲಿ ಒಣಗಿ ಉಳಿಯಿತು. ವಾದ್ಯದ ತಾಂತ್ರಿಕ ಸೀಮೆ ವಿಸ್ತರಿಸಿದ ಕಾಲದಲ್ಲಿಯೇ ವಾದಕನ ಸೃಷ್ಟಿಸ್ವಾತಂತ್ರ್ಯ ಸಂಕುಚಿತವಾದದ್ದು ಈ ಚರಿತ್ರೆಯ ವಿಪರ್ಯಾಸ.

4. ಪ್ರಯೋಗದ ಹಾದಿಗಳು

ಈ ಹಿನ್ನೆಲೆಯಲ್ಲಿ ಆಶುವಾದನದತ್ತ ಹೊರಳಿದವರಲ್ಲಿ ಹಲವರು ವಿದ್ಯಾಲಯಗಳ ಶಿಸ್ತಿನಲ್ಲಿ ಬೆಳೆದು ಅನಂತರ ನಾಡು ಬಿಟ್ಟವರು. ಶಾಂಘೈಯಿಂದ ಬಂದು 1990ರ ದಶಕದಲ್ಲಿ ಜರ್ಮನಿಯಲ್ಲಿ ನೆಲೆಸಿದ ಷ್ಯೂ ಫೆಂಗ್‌ಷಿಯಾ ಅವರು ಯೂರೋಪಿನ ಮುಕ್ತ ಆಶುಸಂಗೀತದ ಪ್ರಮುಖರಲ್ಲೊಬ್ಬರಾದ ಪೀಟರ್ ಕೊವಾಲ್ಡ್ ಅವರಂಥ ವಾದಕರೊಡನೆ ನುಡಿಸಿದರು. ಬೀಜಿಂಗಿನಲ್ಲಿ 1977ರಲ್ಲಿ ಜನಿಸಿದ ವೂ ಫೇಯ್ ಅವರು ಅಲ್ಲಿ ಸಂಯೋಜನೆಯನ್ನು ಅಭ್ಯಸಿಸಿ ಅಮೆರಿಕದ ಮಿಲ್ಸ್ ಕಾಲೇಜಿನಲ್ಲಿ ಅಧ್ಯಯನ ಮುಂದುವರಿಸಿದರು. ಪ್ರಯೋಗಶೀಲ ಗಿಟಾರ್ ವಾದಕ ಫ್ರೆಡ್ ಫ್ರಿತ್ ಆಗ ಅಲ್ಲಿ ಬೋಧಿಸುತ್ತಿದ್ದರು. ವೂ ಫೇಯ್ ಅವರ 'ಯುಆನ್' ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. 2020ರಲ್ಲಿ ಅವರು ಬ್ಯಾಂಜೊ ವಾದಕಿ ಅಬಿಗೇಲ್ ವಾಷ್‌ಬರ್ನ್ ಅವರೊಡನೆ ಚೀನಾದ ಮತ್ತು ಅಮೆರಿಕದ ಜನಪದ ಹಾಡುಗಳನ್ನು ಹೆಣೆದು ಇನ್ನೊಂದು ಮುದ್ರಿಕೆಯನ್ನು ತಂದರು. ಕೆನಡಾದ ವ್ಯಾಂಕೂವರಿನಲ್ಲಿ ಮೇಯ್ ಹಾನ್ ಅವರು ಪಿಯಾನೊ ವಾದಕ ಪಾಲ್ ಪ್ಲಿಮ್ಲಿಯವರೊಡನೆ ಆಶುವಾದನಕ್ಕೆ ಕುಳಿತರು.

ಇಂಥ ವಾದನದಲ್ಲಿ ಬಳಕೆಯಾಗುವ ವಿಧಾನಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕುದುರೆಯ ಎಡಪಾಲನ್ನೇ ಮೀಟುವುದು. ಯಾರೂ ಶ್ರುತಿಗೂಡಿಸದ ಆ ಪಾಲಿನಿಂದ ಹೆಸರಿಲ್ಲದ ಸ್ವರಗಳು ಹೊರಡುತ್ತವೆ. ಎರಡನೆಯದು ನುಡಿಸುತ್ತಿರುವಾಗಲೇ ಕುದುರೆಯನ್ನು ಸರಿಸುವುದು. ಇದರಿಂದ ಶ್ರುತಿಯೇ ನಡೆಯುವ ವಸ್ತುವಾಗುತ್ತದೆ. ಮೂರನೆಯದು ತಂತಿಗಳ ನಡುವೆ ಕಡ್ಡಿ, ಲೋಹದ ತುಣುಕು ಮೊದಲಾದವನ್ನು ಸಿಕ್ಕಿಸಿ ನಾದವನ್ನು ಮಾರ್ಪಡಿಸುವುದು. ಜಾನ್ ಕೇಜ್ 1940ರ ಸುಮಾರಿಗೆ ಪಿಯಾನೊದ ತಂತಿಗಳಲ್ಲಿ ಮಾಡಿದ ಪ್ರಯೋಗ ಇದರ ಪೂರ್ವಜ. ನಾಲ್ಕನೆಯದು ಕಮಾನಿನಿಂದ ತಂತಿಯನ್ನು ಉಜ್ಜುವುದು. ಕೇಳುಗರಿಗೆ ಅತ್ಯಂತ ವಿಚಿತ್ರವೆನಿಸುವ ಈ ನಾಲ್ಕನೆಯ ಬಗೆಯೇ ಅತ್ಯಂತ ಹಳೆಯದೂ ಹೌದು. ತುದಿಯನ್ನು ಒದ್ದೆಮಾಡಿದ ಬಿದಿರಿನ ಸೀಳಿನಿಂದ ಉಜ್ಜಿ ನುಡಿಸುವ ಝೆಂಗ್ ಒಂದಿತ್ತೆಂದು ತಾಂಗ್ ಕಾಲದ ಚರಿತ್ರೆಗ್ರಂಥ ಹೇಳುತ್ತದೆ.

5. ಮೌಲ್ಯನಿರ್ಣಯದ ಪ್ರಶ್ನೆ

ವಿಧಾನಗಳ ಪಟ್ಟಿಯಿಂದ ಸಂಗೀತವಾಗುವುದಿಲ್ಲ. ಝೆಂಗಿನ ಆಶುವಾದಕನ ಮುಂದೆ ಎರಡು ಅಪಾಯಗಳಿವೆ. ಮೊದಲನೆಯದು ವಾದ್ಯದ ಸಹಜ ಮಾಧುರ್ಯ. ಐದು ಸ್ವರಗಳಿಗೆ ಕೂಡಿಸಿದ ತಂತಿಗಳ ಮೇಲೆ ಕೈ ಹೇಗೆ ಹರಿದರೂ ಅಪಸ್ವರ ಹೊರಡದು. ಮಗು ಗೀರಿದರೂ ಜಲಪಾತದ ಇಂಪು. ಏನು ಮಾಡಿದರೂ ಒಪ್ಪಿಗೆಯಾಗುವ ಕಡೆ ಆಯ್ಕೆಗೆ ಅರ್ಥವಿಲ್ಲ, ಆಯ್ಕೆಯಿಲ್ಲದ ಕಡೆ ಆಶುಸೃಷ್ಟಿಯೂ ಇಲ್ಲ. ಪರದೇಶದ ಕೇಳುಗ ಈ ಇಂಪನ್ನೇ 'ಪೂರ್ವದೇಶದ ಚೆಲುವು' ಎಂದು ಮೆಚ್ಚಿಬಿಟ್ಟರೆ ವಾದಕ ಅಲಂಕಾರದ ವಸ್ತುವಾಗುತ್ತಾನೆ. ಎರಡನೆಯ ಅಪಾಯ ಇದಕ್ಕೆ ವಿರುದ್ಧವಾದುದು. ಮಾಧುರ್ಯದಿಂದ ಪಾರಾಗುವ ಆತುರದಲ್ಲಿ ಶ್ರುತಿ ಕೆಡಿಸಿ, ತಂತಿಗೆ ಕಡ್ಡಿ ಸಿಕ್ಕಿಸಿ, ಮರದ ಮೈಯನ್ನು ಬಡಿದು ನುಡಿಸಿದಾಗ ಅದು ಝೆಂಗ್ ಆಗಿರಲೇಬೇಕೆಂಬ ಅಗತ್ಯವೇ ಉಳಿಯುವುದಿಲ್ಲ. ಯಾವುದೇ ತಂತಿಪೆಟ್ಟಿಗೆಯಿಂದ ಅದೇ ಸದ್ದನ್ನು ತೆಗೆಯಬಹುದು.

ಇವೆರಡರ ನಡುವೆ ದಾರಿ ತೋರುವುದು ಎಡಗೈ. ಮೀಟಿದ ಮೇಲೆ ಸ್ವರ ಕ್ಷೀಣಿಸುತ್ತ ಹೋಗುವ ಕೆಲವೇ ಕ್ಷಣಗಳಲ್ಲಿ ಅದನ್ನು ಎಷ್ಟು ಬಾಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬುದನ್ನು ಯಾವ ಲಿಪಿಯೂ ಪೂರ್ತಿಯಾಗಿ ಬರೆದಿಡಲಾರದು. ಗಮಕವನ್ನು ಸ್ವರಲಿಪಿಯಿಂದಲೇ ಕಲಿಯಲಾಗದೆಂಬುದನ್ನು ಬಲ್ಲ ಕನ್ನಡ ರಸಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಿಯಾನೊದೊಡನೆ ಝೆಂಗ್ ಕುಳಿತಾಗ ಈ ವ್ಯತ್ಯಾಸ ಸ್ಫುಟವಾಗಿ ಕಾಣುತ್ತದೆ. ಪಿಯಾನೊದ ಮನೆಗಳು ಅಲುಗುವುದಿಲ್ಲ. ಆ ಮನೆಗಳ ನಡುವಣ ಓಣಿಗಳಲ್ಲಿ ಝೆಂಗ್ ಓಡಾಡಬಲ್ಲದು. ಜೊತೆಗಾರ ನುಡಿಸಿದ ಸ್ವರವನ್ನು ಕೇಳಿ, ಅದರ ಸಮೀಪಕ್ಕೆ ಹೋಗಿ, ಸೇರದೆ ಹಿಂದಿರುಗುವ ಒಂದು ಒತ್ತಿನಲ್ಲಿ ಚಾವ್‌ಝೋವಿನ 'ಜೀವಂತ ಐದ'ರ ಸಂಸ್ಕಾರವಿದೆ. ಹಿಂದೆಂದೂ ಇರದಿದ್ದ ಸಂಭಾಷಣೆಯೂ ಇದೆ. ಇಂಥ ಪ್ರಯೋಗದಲ್ಲಿ ಹಳತು ಹೊಸತರ ಗಡಿ ಎಳೆಯುವುದು ಕಷ್ಟ, ಎಳೆಯಬೇಕಾದ ಅಗತ್ಯವೂ ಇಲ್ಲ.

ಈ ಚರ್ಚೆಯಿಂದ ಹೊರಡುವ ಪ್ರಶ್ನೆ ಕೊನೆಗೆ ಶಿಕ್ಷಣಕ್ಕೆ ಸಂಬಂಧಿಸಿದ್ದು. ಪರಂಪರೆಯೆಂದು ಮುಂದಿನ ತಲೆಮಾರಿಗೆ ಒಪ್ಪಿಸಬೇಕಾದದ್ದು ಬರೆದಿಟ್ಟ ಕೃತಿಗಳನ್ನೋ, ಆ ಕೃತಿಗಳನ್ನು ದಿನದಿನವೂ ಬೇರೆಯಾಗಿಸುತ್ತಿದ್ದ ಶಕ್ತಿಯನ್ನೋ? ಕೃತಿಗಳನ್ನು ಕಳೆದುಕೊಂಡರೆ ಆ ಶಕ್ತಿಗೆ ಊರುವ ನೆಲವಿರುವುದಿಲ್ಲ; ಬಾಬಾನ್ ಗೊತ್ತಿಲ್ಲದವನು ಹೂವನ್ನು ಯಾವ ಗಿಡಕ್ಕೆ ಸೇರಿಸಿಯಾನು? ಕೃತಿಗಳನ್ನಷ್ಟೇ ಉಳಿಸಿಕೊಂಡರೆ ಬೆರಳು ಪಳಗುತ್ತದೆ, ಕಿವಿ ಪಳಗುವುದಿಲ್ಲ. ಪ್ರಯೋಗಶೀಲ ಆಶುವಾದಕರ ಮುಖ್ಯ ಕೊಡುಗೆ ಅವರು ತಂದ ವಿಚಿತ್ರ ನಾದಗಳಲ್ಲಿಲ್ಲ. ವಾದ್ಯವನ್ನು ಮತ್ತೆ ಕೇಳುತ್ತ ನುಡಿಸುವ ಹೊಣೆಯನ್ನು ವಾದಕನಿಗೆ ಅವರು ಹಿಂದಿರುಗಿಸಿದ್ದಾರೆ. ಹೆಸರಿಲ್ಲದ ಹಳ್ಳಿಯ ವಾದಕರು ಹೊತ್ತಿದ್ದ ಹೊಣೆಯೂ ಅದೇ.